ಓಬಣ್ಣ ಒಡೆದ ಸೌಂಡು

ಕೂಡ್ಲಿಗಿಯ ಓಬಣ್ಣನ ಪಾಡು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ನಾನು ಸುಮಲತಾ, ಅವನು ಗಿಟಾರ್ ನುಡಿಸುತ್ತಿದ್ದ ಆರ್ಕೆಸ್ಟ್ರಾದಲ್ಲೇ ಹಾಡುತ್ತಿದ್ದವಳು. ಮದುವೆ, ಗಣೇಶನ ಪೆಂಡಾಲು, ಕರೆದಲ್ಲಿಗೆ ಹೋಗುತ್ತಿದ್ದೆವು. ಓಬಣ್ಣ ವಾರವಿಡೀ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ. ಕಾರ್ಯಕ್ರಮದ ದಿನ ಮಾತ್ರ ಅವನ ಮುಖಕ್ಕೆ ಕಳೆ ಬರುತ್ತಿತ್ತು.

ತೊಂಬತ್ತೇಳರಲ್ಲಿ ಆರ್ಕೆಸ್ಟ್ರಾದ ಯಜಮಾನರು ಗುರುಸಂಗಪ್ಪನವರು ಹೊಸ ಕೀಬೋರ್ಡ್ ತಂದರು. ಅದನ್ನು ನುಡಿಸಲು ಬಂದ ಅರುಣಕುಮಾರ್ ಅದರದೊಂದು ಗುಂಡಿ ಒತ್ತಿದ. ಗಿಟಾರಿನದೇ ಧ್ವನಿ, ಆದರೆ ಗಂಟಲು ಹರಿಯುವಂತೆ ಕಿರುಚುತ್ತಿತ್ತು. ಆಗ ಜನಕ್ಕೆ ಅದೇ ಹುಚ್ಚು.

"ಲೇ ಓಬಾ, ನಿನ್ನ ಟಿಣ್ ಟಿಣ್ ಇನ್ನ ಯಾರು ಕೇಳ್ತಾರ? ಬರೋ ಭಾನುವಾರ ಹರಪನಹಳ್ಳಿ ರಿಸೆಪ್ಷನ್ ಐತಿ. ಅಲ್ಲಿ ನಿನ್ನ ಗಿಟಾರ್‌ನಾಗ ಈ ಸೌಂಡ್ ಬಂದ್ರ ಇರು. ಇಲ್ಲಾಂದ್ರ ಕೀಬೋರ್ಡೇ ಸಾಕು," ಅಂದರು ಯಜಮಾನರು.

ಆ ಸೌಂಡಿಗೆ ಕಾಲಲ್ಲಿ ಒತ್ತುವ ಪೆಟ್ಟಿಗೆ ಬೇಕು, ಓವರ್‌ಡ್ರೈವ್ ಪೆಡಲ್ ಅಂತ. ನಮ್ಮ ಕಡೆ ಅದನ್ನು ಕಂಡವರೇ ಇರಲಿಲ್ಲ. ಓಬಣ್ಣ ತಾನೇ ಮಾಡುತ್ತೇನೆ ಅಂತ ಹಟ ಹಿಡಿದು ಕೂತ. ಹಳೆಯ ಪತ್ರಿಕೆಯೊಂದರ ಸರ್ಕ್ಯೂಟ್ ಚಿತ್ರ ಮುಂದಿಟ್ಟುಕೊಂಡು ಮನೆಯ ರೇಡಿಯೋ ಬಿಚ್ಚಿದ. ಅದರ ಟ್ರಾನ್ಸಿಸ್ಟರ್ ಧ್ವನಿಯನ್ನು ಉಬ್ಬಿಸುತ್ತದಂತೆ, ಎದುರುಬದುರು ಹಾಕಿದ ಎರಡು ಡಯೋಡು ಆ ಧ್ವನಿಯ ನೆತ್ತಿ ಬುಡ ಎರಡನ್ನೂ ಕತ್ತರಿಸುತ್ತವಂತೆ. ಹಾಗೆ ಕತ್ತರಿಸಿದರೇ ಸೌಂಡು ಒಡೆದು ಕಿರುಚುವುದು.

ಮೊದಲು ಪ್ಲಾಸ್ಟಿಕ್ ಸೋಪಿನ ಡಬ್ಬಿಯಲ್ಲಿ ಕೂರಿಸಿದ. ಬರೀ ಗುಂಯ್‌ಗುಡುವಿಕೆ, ನಡುವೆ ಆಕಾಶವಾಣಿಯ ಕೃಷಿ ವಾರ್ತೆ ಬೇರೆ! ನನಗೆ ನಗು ತಡೆಯಲಿಲ್ಲ.

"ನಗಬ್ಯಾಡ ಸುಮಕ್ಕ. ಗಿಟಾರ್ ಹೋದ್ರ ನಾನು ಬದುಕಿದ್ರೂ ಸತ್ತಂಗ," ಅಂದ. ಕಣ್ಣಲ್ಲಿ ನೀರಿತ್ತು.

ತಗಡಿನ ಡಬ್ಬಿಯಾದರೆ ಗುಂಯ್‌ಗುಡುವುದಿಲ್ಲ ಅಂತ ಹೊಳೆದದ್ದು ಶನಿವಾರ. ಹೆಂಡತಿ ಹಂಪಮ್ಮ ಚಹಾಪುಡಿ ಸುರಿದು ಡಬ್ಬಿ ಖಾಲಿ ಮಾಡಿಕೊಟ್ಟಳು. ಸಂಜೆ ಓಬಣ್ಣ ಸ್ವಿಚ್ ಒತ್ತಿ ತಂತಿ ಮೀಟಿದ. ಯಪ್ಪಾ! ಗೋಡೆಯ ಮೇಲಿನ ಕ್ಯಾಲೆಂಡರ್ ಅದುರಿತು. ಹಂಪಮ್ಮ ಕಿವಿ ಮುಚ್ಚಿಕೊಂಡು ನಕ್ಕಳು.

"ಯಾರಿಗೂ ಹೇಳಬ್ಯಾಡಕ್ಕ. ಯಜಮಾನ್ರು ಸ್ಟೇಜ್ ಮ್ಯಾಲೇ ಕೇಳ್ಲಿ," ಅಂದ ಓಬಣ್ಣ. ಹೇಳಲಿಲ್ಲ ನಾನು, ತಲೆಗೇಡಿ.

ಹರಪನಹಳ್ಳಿಯಲ್ಲಿ ನನ್ನ ಪಲ್ಲವಿ ಮುಗಿದು ಗಿಟಾರಿನ ಸರದಿ ಬಂತು. ಓಬಣ್ಣ ಡಬ್ಬಿ ಒತ್ತಿದ. ಪೆಂಡಾಲಿಗೆ ಪೆಂಡಾಲೇ ತಿರುಗಿ ನೋಡಿತು, ಹುಡುಗರು ಶಿಳ್ಳೆ ಹಾಕಿದರು. ನಾಲ್ಕು ಸೆಕೆಂಡು ಆಯಿತೋ ಇಲ್ಲವೋ, ಗಿಟಾರ್ ಸದ್ದಡಗಿತು.

"ಅಯ್ಯಯ್ಯೋ, ಸ್ಪೀಕರ್ ಹರೀತು!" ಅಂತ ಮೈಕ್‌ಸೆಟ್ ಗಂಗಪ್ಪ ಓಡಿಬಂದು ಓಬಣ್ಣನ ವೈರ್ ಕಿತ್ತಿದ್ದ. ಸೌಂಡು ಒಡೆಯಿತೆಂದರೆ ಸ್ಪೀಕರ್ ಹರಿಯಿತು, ಮೂವತ್ತು ವರ್ಷದಿಂದ ಅವನಿಗೆ ಗೊತ್ತಿದ್ದದ್ದು ಅಷ್ಟೇ.

"ಗಂಗಪ್ಪಣ್ಣಾ, ಅದು ಹಂಗೇ ಇರಬೇಕು! ವೈರ್ ಹಚ್ಚಣ್ಣ, ಕೈ ಮುಗೀತೀನಿ!" ಅಂತ ಓಬಣ್ಣ ಕೂಗಿಕೊಂಡ. ಡ್ರಮ್ಮಿನ ಅಬ್ಬರದಲ್ಲಿ ಯಾರಿಗೆ ಕೇಳಬೇಕು? ಸದ್ದಿಲ್ಲದ ಗಿಟಾರನ್ನು ಹುಚ್ಚನಂತೆ ಮೀಟುತ್ತಲೇ ಇದ್ದ. ಗುರುಸಂಗಪ್ಪನವರು ಅರುಣಕುಮಾರನಿಗೆ ಸನ್ನೆ ಮಾಡಿದರು, ಅವನು ಗುಂಡಿ ಒತ್ತಿದ. ಅದೇ ಸೌಂಡು, ಚೂರೂ ವ್ಯತ್ಯಾಸವಿಲ್ಲ.

"ಈಗ ಸರಿ ಹೋತು ನೋಡ್ರಿ," ಅಂತ ಗಂಗಪ್ಪ ನನ್ನ ಕಡೆ ನೋಡಿ ನಕ್ಕ.

ಕಾರ್ಯಕ್ರಮ ಮುಗಿದ ಮೇಲೆ ನಾನು ಯಜಮಾನರ ಹತ್ತಿರ ಜಗಳಕ್ಕೇ ನಿಂತೆ. "ವೈರ್ ಕಿತ್ತಾವ ಗಂಗಪ್ಪ ರೀ, ಓಬಣ್ಣಂದೇನು ತಪ್ಪು? ಇನ್ನೊಂದ್ಸಲ ನುಡಿಸಾಕ ಬಿಡ್ರಿ," ಅಂದೆ. ಅವರು ಎಲೆಗೆ ಸುಣ್ಣ ಸವರುತ್ತ "ನೋಡೋಣವ್ವ" ಅಂದರು. ಅವರ ನೋಡೋಣ ನನಗೆ ಗೊತ್ತಿಲ್ಲವೇ?

ಓಬಣ್ಣ ಮಾತ್ರ ನೇರ ಗಂಗಪ್ಪನ ಮುಂದೆ ಹೋಗಿ ನಿಂತ. "ಕೀಬೋರ್ಡಿಂದೂ ಒಡೆದ ಸೌಂಡೇ ಅಲ್ಲೇನಣ್ಣ? ಅದರ ವೈರ್ ಯಾಕ ಕೀಳ್ಲಿಲ್ಲ?"

ಗಂಗಪ್ಪ ಕೆಟ್ಟವನಲ್ಲ. ಇದೆಂಥ ಪ್ರಶ್ನೆ ಅನ್ನುವಂತೆ ಓಬಣ್ಣನ ಮುಖ ನೋಡಿದ. "ಅದು ಕಂಪನಿದಪ್ಪ," ಅಂದ.

ಮುಂದಿನ ವಾರ ಹಡಗಲಿಯ ಕಾರ್ಯಕ್ರಮಕ್ಕೆ ಓಬಣ್ಣನನ್ನು ಯಾರೂ ಕರೆಯಲಿಲ್ಲ. ನಾನು ಹೋದೆ, ಹಾಡಿದೆ. ಅರುಣಕುಮಾರ್ ಆ ಗುಂಡಿ ಒತ್ತಿದಾಗ "ಜೋರಾಗಿ ಚಪ್ಪಾಳೆ ಬರ್ಲಿ" ಅಂತ ಮೈಕಿನಲ್ಲಿ ಕೂಗಿದವಳೂ ನಾನೇ. ನನ್ನ ಬಾಯಿಗಿಷ್ಟು ಮಣ್ಣು ಹಾಕ.