ಕೃಷ್ಣಾಜಿಯ ತಗಡಿನ ರೈಲು

ಅಂಬಾರಾಯ ಪುಣೆ ಕ್ಯಾಂಪಿನ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಬೈಲಹೊಂಗಲದ ಕಡೆಯವನು. ಕಚೇರಿಯಿಂದ ಒಂದು ಗುಂಡುಸೂಜಿಯನ್ನೂ ಮನೆಗೆ ತಂದವನಲ್ಲ.

ತೊಂಬತ್ಮೂರರ ಒಂದು ಭಾನುವಾರ ಜುನಾ ಬಜಾರಿನ ಗುಜರಿ ಸಂತೆಯಲ್ಲಿ, ಹಳೇ ನಲ್ಲಿ, ಮುರುಕು ಫ್ಯಾನುಗಳ ರಾಶಿಯ ನಡುವೆ ಅವನಿಗೆ ಕೆಂಪು ತಗಡಿನ ಮೋಟರ್‌ಸೈಕಲ್ ಆಟಿಕೆಯೊಂದು ಕಂಡಿತು. ಬಣ್ಣ ನೋಡಿ ಮನಸೋತು ಇಪ್ಪತ್ತು ರೂಪಾಯಿಗೆ ಕೊಂಡ. ಚಾವಿ ತಿರುಗುತ್ತಿರಲಿಲ್ಲ. ನೇರ ಕೃಷ್ಣಾಜಿಯ ಅಂಗಡಿಗೆ ಒಯ್ದ.

ಕೃಷ್ಣಾಜಿ ಬೆಳಗಾವಿಯವನು, ಕ್ಯಾಂಪಿನ ಗಲ್ಲಿಯೊಂದರಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಇಬ್ಬರದೂ ಒಂದೇ ವಯಸ್ಸು. ದಿನಾ ಸಂಜೆ ಚಹಾ ಕುಡಿಯುತ್ತ ಕನ್ನಡ ಮಾತಾಡಲೆಂದೇ ಸೇರುತ್ತಿದ್ದರು. ಆ ದಿನ ಅವನು ಸ್ಪ್ರಿಂಗ್ ಸರಿಮಾಡಿ ಆಟಿಕೆಯನ್ನು ಕೌಂಟರಿನ ಗಾಜಿನ ಮೇಲೆ ಓಡಿಸಿದಾಗ, ವಾಚಿನ ಬೆಲ್ಟ್ ಬದಲಿಸಲು ಬಂದಿದ್ದ ಹಳೇ ವಸ್ತು ಕೊಳ್ಳುವ ಮುಂಬೈಯ ಸೇಠ್ ಒಬ್ಬ ಬಗ್ಗಿ ನೋಡಿ, ಅಲ್ಲೇ ಒಂಬೈನೂರು ರೂಪಾಯಿ ಎಣಿಸಿದ. ಅಂಬಾರಾಯನ ಅರ್ಧ ತಿಂಗಳ ಪಗಾರ ಅದು.

ಅಂದಿನಿಂದ ಅವನಿಗೆ ಭಾನುವಾರವೆಂದರೆ ಜುನಾ ಬಜಾರು. ಹಳೇ ವಾಡೆಗಳನ್ನು ಕೆಡವುವ ಸುದ್ದಿ ಸಿಕ್ಕರೆ ರಜೆ ಹಾಕಿ ಹೋಗುವನು. ಸಾಸವಡದ ಮುದುಕಿಯೊಬ್ಬಳ ಮನೆಯ ಅಟ್ಟದಿಂದ ತಗಡಿನ ಬಸ್ಸನ್ನು ಒಂದು ಸ್ಟೀಲ್ ಡಬ್ಬಿ ಕೊಟ್ಟು ತಂದ. ವಸ್ತು ಕಂಡಾಗ ಮುಖದಲ್ಲಿ ಆಸೆ ತೋರಿಸಬಾರದೆಂಬುದನ್ನು ಬೇಗ ಕಲಿತ. ಕೆಲವನ್ನು ಸೇಠನಿಗೆ ಮಾರಿದ, ಕೆಲವನ್ನು ಬೆಲೆ ಏರಲೆಂದು ಇಟ್ಟುಕೊಂಡ. ಎಲ್ಲದರ ಸ್ಪ್ರಿಂಗನ್ನೂ ಕೃಷ್ಣಾಜಿ ಬಿಟ್ಟಿಯಾಗಿ ಸರಿಮಾಡಿಕೊಡುತ್ತಿದ್ದ. "ಬಣ್ಣ ಮಾತ್ರ ಹಚ್ಚಬ್ಯಾಡಲೇ ಅಂಬ್ಯಾ. ಹಳೇದು ಹಳೇದಾಗೇ ಇರಲಿ" ಎನ್ನುತ್ತಿದ್ದ.

ಕೃಷ್ಣಾಜಿಯ ಮನೆಯಲ್ಲೂ ಒಂದು ಆಟಿಕೆ ಇತ್ತು: ಎಂಜಿನ್ನು, ನಾಲ್ಕು ಡಬ್ಬಿಗಳ ಜರ್ಮನಿಯ ರೈಲು. ಅವನ ತಂದೆ ರೈಲ್ವೆಯಲ್ಲಿ ಗಾರ್ಡ್ ಆಗಿದ್ದಾಗ ವಿಲಾಯತಿಗೆ ಹೊರಟ ಸಾಹೇಬನೊಬ್ಬ ಕೊಟ್ಟದ್ದು. ಅಂಬಾರಾಯ ಎಷ್ಟೋ ಸಲ ಅದನ್ನು ಕೈಯಲ್ಲಿ ಹಿಡಿದು ನೋಡಿದ್ದ, ಕೇಳಿರಲಿಲ್ಲ.

ತೊಂಬತ್ತೆಂಟರಲ್ಲಿ ಕೃಷ್ಣಾಜಿಯ ಹೆಂಡತಿ ಇಂದೂಗೆ ಹೃದಯದ ಕಾಯಿಲೆ ಹೆಚ್ಚಾಯಿತು. ಮುಂಬೈಗೆ ಒಯ್ದು ಆಪರೇಷನ್ ಮಾಡಿಸಿ ಎಂದರು ಡಾಕ್ಟರು. ಕೃಷ್ಣಾಜಿ ರೈಲನ್ನು ಧೋತರದ ಚೂರಿನಲ್ಲಿ ಸುತ್ತಿ ತಂದು ಗೆಳೆಯನ ಕೈಗಿಟ್ಟ.

"ನಿನಗ ತಿಳೀತದ ಇದರ ವ್ಯವಹಾರ. ಮಾರಿಕೊಡು."

ಸೇಠ್ ನಲವತ್ತು ಸಾವಿರ ಎಂದ. ಜೊತೆಗೆ, ಐದಾರು ವರ್ಷ ಇಟ್ಟರೆ ಎರಡರಷ್ಟಾದೀತು ಎಂದೂ ಹೇಳಿದ. ಆ ಎರಡನೆಯ ಮಾತು ಅಂಬಾರಾಯನ ತಲೆಯಲ್ಲಿ ಕೂತುಬಿಟ್ಟಿತು. ತಾನೇ ಕೊಂಡಿಟ್ಟು, ಮುಂದೆ ಮಾರಿದಾಗ ಕೃಷ್ಣಾಗೂ ಒಂದಿಷ್ಟು ಕೊಟ್ಟರಾಯಿತು ಎಂದು ಲೆಕ್ಕ ಹಾಕಿದ.

"ಸೇಠ್ ಆರು ಸಾವಿರದ ಮ್ಯಾಲ ಏರವಲ್ಲ" ಎಂದ.

ಕೃಷ್ಣಾಜಿ ಕೈಯಲ್ಲಿದ್ದ ವಾಚನ್ನು ಕೆಳಗಿಟ್ಟ. "ಆತು. ನೀ ಹೇಳಿದ್ದು ಅಂದಮ್ಯಾಲ ಅಷ್ಟ ಇರಬೇಕು."

ಆರು ಸಾವಿರ ಔಷಧಕ್ಕೇ ಮುಗಿಯಿತು, ಮುಂಬೈ ಮಾತು ಹಿಂದೆ ಬಿತ್ತು. ಅಂಬಾರಾಯನ ಹೆಂಡತಿ ಪ್ರೇಮಾವತಿ ಎರಡು ತಿಂಗಳು ಇಂದೂಗೆ ಊಟದ ಡಬ್ಬಿ ಒಯ್ದಳು. ರೈಲು ಪ್ಲಾಸ್ಟಿಕ್ ಸುತ್ತಿಸಿಕೊಂಡು ಪ್ರೇಮಾವತಿಯದೇ ಮನೆಯ ಬಚ್ಚಲ ಮೇಲಿನ ಅಟ್ಟದಲ್ಲಿ ಕೂತಿತ್ತು. ಅವಳಿಗೆ ಗೊತ್ತಿರಲಿಲ್ಲ. ಶ್ರಾವಣದಲ್ಲಿ ಇಂದೂ ತೀರಿಕೊಂಡಳು. ನಿಜ ಹೇಳುವ ಕಾಲ ಮುಗಿಯಿತೆಂದು ಅಂಬಾರಾಯ ಅಂದುಕೊಂಡ. ಹಾಗೆ ಅಂದುಕೊಂಡಾಗ ಎದೆ ಹಗುರಾದದ್ದೂ ಅವನಿಗೆ ತಿಳಿಯಿತು.

ಎರಡು ಸಾವಿರದ ಐದರಲ್ಲಿ ಸೇಠನ ಫೋನು ಬಂತು. ಪರದೇಶದ ಗಿರಾಕಿ, ಲಕ್ಷದ ಮಾತು, ಆದರೆ ರೈಲು ಓಡಬೇಕು. ಅಂಬಾರಾಯ ಏಣಿ ಹತ್ತಿ ಗಂಟು ಇಳಿಸಿದ. ಕೆಳಗಿನ ಬಚ್ಚಲ ಹಬೆ ಏಳು ವರ್ಷ ಪ್ಲಾಸ್ಟಿಕ್ಕಿನ ಒಳಗೇ ನೀರಾಗಿ ನಿಂತಿತ್ತು. ಬಣ್ಣ ಹಕ್ಕಳೆಯಾಗಿ ಏಳುತ್ತಿತ್ತು, ಎಂಜಿನ್ ತುಕ್ಕಿಗೆ ಕಚ್ಚಿಕೊಂಡಿತ್ತು. ಮೂರು ಗಡಿಯಾರದ ಅಂಗಡಿ ತಿರುಗಿದ. ಸೆಲ್ ಹಾಕುವವರಿದ್ದರೇ ಹೊರತು ಇಂಥ ಸ್ಪ್ರಿಂಗ್ ಮುಟ್ಟುವವರಿರಲಿಲ್ಲ. ಮುಟ್ಟಬಲ್ಲವನು ಒಬ್ಬನೇ.

ಎಂಟು ದಿನ ತಡೆದು, ಒಂಬತ್ತನೆಯ ದಿನ ಹೋದ. ಕೃಷ್ಣಾಜಿ ಗಂಟು ಬಿಚ್ಚಿದ. ಎಂಜಿನ್ನನ್ನು ಮಗುಚಿ, ಅಡಿಯಲ್ಲಿ ತನ್ನ ತಂದೆ ಮೊಳೆಯಿಂದ ಕೆತ್ತಿದ್ದ ಅಕ್ಷರಗಳ ಮೇಲೆ ಬೆರಳಾಡಿಸಿದ.

"ಸೇಠ್ ತಿರುಗಿ ಕೊಟ್ಟನೇನು?"

ಹೌದೆನ್ನಬಹುದಿತ್ತು. "ನನ್ನ ಹತ್ರನ ಇತ್ತು ಕೃಷ್ಣಾ."

"ಖರೇ ಎಷ್ಟು ಹೇಳಿದ್ದ ಆವಾಗ?"

"ನಲವತ್ತು."

ಕೃಷ್ಣಾಜಿ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೆಲಸಕ್ಕೆ ಕೂತ. ಎರಡು ತಾಸು ತಲೆ ಎತ್ತಲಿಲ್ಲ. ಎಂಜಿನ್ ಕಿರುಗುಟ್ಟಿ, ಗಾಜಿನ ಮೇಲೆ ಒಂದು ಗೇಣು ಓಡಿ ನಿಂತಿತು.

"ನೀನ ಇಟ್ಕೋ ಇದನ್ನ, ನಿಂದ ಅದು" ಎಂದ ಅಂಬಾರಾಯ.

"ನಾ ಮಾರೇನಿ. ನೀವು ರೊಕ್ಕಾ ಕೊಟ್ಟೀರಿ." ಮೂವತ್ತು ವರ್ಷ 'ಲೇ' ಎಂದವನ ಬಾಯಲ್ಲಿ ಅಂಬಾರಾಯ 'ನೀವು' ಕೇಳಿದ್ದು ಅದೇ ಮೊದಲು. "ಆಕಿ ಉಳೀತಿದ್ಲು ಅಂತ ನಾ ಹೇಳೂದಿಲ್ರಿ. ನಾ ಆಕೀನ್ನ ಮುಂಬೈಗೆ ಕರಕೊಂಡು ಹೋಗತಿದ್ದೆ, ಅಷ್ಟ. ರಿಪೇರಿದು ನೂರಾ ಇಪ್ಪತ್ತು ಆತ್ರಿ."

ಅಂಬಾರಾಯ ಕೊಟ್ಟ. ಕೃಷ್ಣಾಜಿ ಚಿಲ್ಲರೆ ಎಣಿಸಿ ಮರಳಿಸಿದ.

ಮುಂಬೈಯಲ್ಲಿ ಸೇಠ್ ಬಣ್ಣ ನೋಡಿ ನಾಲಿಗೆ ಲೊಚಗುಟ್ಟಿದ. ಲಕ್ಷದ ಗಿರಾಕಿ ಮುಟ್ಟುವಂಥದಲ್ಲ ಎಂದು ಏಳು ಸಾವಿರ ಕೊಟ್ಟ. ರಾತ್ರಿ ಆ ನೋಟುಗಳನ್ನು ಹೆಂಡತಿಯ ಮುಂದಿಟ್ಟು ಅಂಬಾರಾಯ ಎಲ್ಲವನ್ನೂ ಹೇಳಿದ. ಪ್ರೇಮಾವತಿ ನೋಟು ಮುಟ್ಟಲಿಲ್ಲ.

"ನಾ ಡಬ್ಬಿ ಕಟ್ಟಿಕೊಂಡು ಹೋಗುವಾಗ ಅದು ಇಲ್ಲೇ ಮ್ಯಾಲ ಇತ್ತೇನ್ರಿ?"

"ಇತ್ತು."

"ಈ ಮೋಸದಾಗ ನನ್ನನ್ನೂ ಕೂಡಿಸಿಕೊಂಡ್ರಿ ಹಂಗಾದ್ರ" ಎಂದು ಎದ್ದು ಹೋದಳು. ಮುಂದೆಯೂ ಅನ್ನ ನೀಡಿದಳು, ಗ್ಯಾಸ್ ಮುಗಿದಿದೆ ಎಂದಳು, ಊರಿಗೆ ಹೋಗಿ ಬಂದಳು. ಸುಮ್ಮಸುಮ್ಮನೆ ಆಡುವ ಮಾತು ಮಾತ್ರ ಆ ಮನೆಯಲ್ಲಿ ನಿಂತುಹೋಯಿತು.

ನಿವೃತ್ತಿಯಾದ ವರ್ಷ ಅಂಬಾರಾಯ ಉಳಿದ ಆಟಿಕೆಗಳನ್ನೆಲ್ಲ ಹಿಂಜವಾಡಿಯ ಹೊಸ ಫ್ಲ್ಯಾಟಿನಲ್ಲಿದ್ದ ಬೆಂಗಳೂರಿನ ಇಂಜಿನಿಯರ್ ಒಬ್ಬನಿಗೆ ಮಾರಿದ. ಹುಡುಗ ಒಂದೊಂದನ್ನೇ ಚಾವಿ ಕೊಟ್ಟು ನೋಡಿ ಡಬ್ಬಕ್ಕೆ ತುಂಬಿಕೊಂಡ.

"ಅಂಕಲ್, ಸ್ಪ್ರಿಂಗ್ ಹೋದ್ರೆ ಇಲ್ಲಿ ರಿಪೇರಿ ಮಾಡೋರು ಯಾರಾದ್ರೂ ಇದಾರಾ?"

ಕೃಷ್ಣಾಜಿಯ ಅಂಗಡಿ ಅದೇ ಗಲ್ಲಿಯಲ್ಲಿತ್ತು. ಗಿರಾಕಿಗಳು ಕಡಿಮೆಯಾಗಿದ್ದರು, ಆದರೂ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುತ್ತಿದ್ದ. ಹೆಸರು ಹೇಳಿದರೆ ಹುಡುಗ ಹೋಗುತ್ತಾನೆ, ಯಾರು ಕಳಿಸಿದರೆಂದು ಕೃಷ್ಣಾಜಿ ಕೇಳುತ್ತಾನೆ.

"ಇಲ್ರಿ," ಎಂದ ಅಂಬಾರಾಯ. "ಪುಣೇದಾಗ ಈಗ ಅಂಥಾವ್ರು ಯಾರೂ ಉಳದಿಲ್ಲ."