ಉಡಿಯಲ್ಲಿಟ್ಟ ಫ್ಯೂಜು

ಈಗಿನ ಗಿರಣಿಗಳಿಗೆ ಕಬ್ಬಿಣದ ಪೆಟ್ಟಿಗೆಯ ಸ್ವಿಚ್ಚು ಬಂದಿದೆ. ಲೋಡು ಹೆಚ್ಚಾದರೆ ತಾನೇ ಟಪ್ಪಂತ ಬೀಳುತ್ತದೆ. ಲೈನಿನ ಮೇಲೆ ಕೆಲಸವಿದ್ದರೆ ಪೆಟ್ಟಿಗೆಗೆ ಬೀಗ ಜಡಿದು ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡರೆ ಆಯಿತು. ಒಳ್ಳೆಯದೇ, ನಾನು ಬ್ಯಾಡ ಅನ್ನುವವನಲ್ಲ. ಆದರೆ ಆ ಕೀಲಿ ಕೈಗೆ ಬಂದಾಗಲೆಲ್ಲ ಹೊಸಪೇಟೆಯ ಆ ಹಳೆಯ ಅಕ್ಕಿ ಗಿರಣಿಯಲ್ಲಿ, ಕರೆಂಟಿನ ಬೋರ್ಡಿನ ಮುಂದೆ ಮೊರ ಹಿಡಿದು ಕೂತಿರುತ್ತಿದ್ದ ನನ್ನ ಹೆಂಡತಿಯೇ ಕಣ್ಣಿಗೆ ಬರುತ್ತಾಳೆ.

ಮದರಾಸು ಸರ್ಕಾರದ ಕಾಲ ಅದು. ಊರಿನ ಬಹಳ ಮನೆಗಳಲ್ಲಿ ಇನ್ನೂ ಸೀಮೆಎಣ್ಣೆ ದೀಪ. ನಮ್ಮ ಗಿರಣಿಗೆ ಮಾತ್ರ ತನ್ನದೇ ಎಣ್ಣೆ ಎಂಜಿನ್ನು, ಅದಕ್ಕೆ ಪಟ್ಟಿ ಕಟ್ಟಿದ ಡೈನಮೋ. ನಾನು ಅಲ್ಲಿ ವೈರ್‌ಮನ್. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವನು. ಕಲಿತದ್ದೆಲ್ಲ ಕೈ ಸುಟ್ಟುಕೊಂಡು. ಆದರೆ ನಾನು ಹಾಕಿದ ಗಂಟು ಬಿಚ್ಚಿತು ಅಂತ ಸಂಡೂರಿನಿಂದ ಕಂಪ್ಲಿಯವರೆಗೆ ಒಬ್ಬ ಹೇಳಲಿ ನೋಡೋಣ. ಜಂಬ ಅಂದರೆ ಅನ್ನಲಿ.

ಬೋರ್ಡಿನ ಮೇಲೆ ಪಿಂಗಾಣಿಯ ಮೂರು ಫ್ಯೂಜು. ಮುಷ್ಟಿ ತುಂಬುವಷ್ಟು ದಪ್ಪ. ಹಿಡಿದು ಎಳೆದರೆ ಕಿತ್ತು ಬರುತ್ತಿದ್ದವು, ಕಿತ್ತರೆ ಲೈನಿನಲ್ಲಿ ಕರೆಂಟು ನಿಂತಂತೆ. ಒಳಗೆ ಕೂದಲಿನಂಥ ಒಂದು ಎಳೆ ತಂತಿ. ಎಲ್ಲಾದರೂ ತಂತಿಗೆ ತಂತಿ ತಾಗಿದರೆ, ಮೋಟಾರು ಸಿಕ್ಕಿಕೊಂಡರೆ, ಆ ಎಳೆ ತಾನು ಕರಗಿ ಮಿಕ್ಕದ್ದನ್ನೆಲ್ಲ ಉಳಿಸುತ್ತದೆ. ಮೇಲಿಂದ ಮೇಲೆ ಸುಡುತ್ತದೆಂದು ಕೆಲವರು ಅದರ ಜಾಗಕ್ಕೆ ದಪ್ಪ ತಾಮ್ರ ಸುತ್ತಿಬಿಡುತ್ತಿದ್ದರು. ನಾನಿರುವವರೆಗೆ ನಮ್ಮಲ್ಲಿ ಹಾಗೆ ಆಗಗೊಡಲಿಲ್ಲ.

ಕಂಬ ಹತ್ತುವ ಮೊದಲು ಮೂರೂ ಕಿತ್ತು ಜೊತೆಗೆ ಒಯ್ಯಬೇಕು. ಬೋರ್ಡಿನ ಹತ್ತಿರ ಬಿಟ್ಟು ಹತ್ತಿದರೆ, ಮೇಲೆ ಮನುಷ್ಯನಿದ್ದಾನೆಂದು ತಿಳಿಯದೆ ಯಾರಾದರೂ ತುರುಕಿಬಿಟ್ಟಾರು. ನಾನು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಒಮ್ಮೆ ಕಂಬದ ಮೇಲಿಂದ ಒಂದು ಜಾರಿ ಬಿದ್ದು ಒಡೆಯಿತು. ಸಾಹುಕಾರರು ಅಂಗಳಕ್ಕೇ ಬಂದರು.

“ಏನಲೇ, ಪಿಂಗಾಣಿ ನಿಮ್ಮಪ್ಪನ ಹೊಲದಾಗ ಬೆಳೀತೈತೇನ? ಮದರಾಸಿನಿಂದ ತರಿಸಬೇಕೋ!”

ಮುಂದಿನ ಸಲ ಎಲ್ಲಿಡಲಿ ಅಂತ ನಿಂತಾಗ ಎದುರಿಗೆ ಕಂಡವಳು ನನ್ನಾಕೆ. ಕಂಪ್ಲಿಯ ಹುಡುಗಿ, ಮದುವೆಯಾದ ಹೊಸದು. ಗಿರಣಿಯಲ್ಲಿ ಅಕ್ಕಿ ಕೇರುವ ಹೆಂಗಸರ ಜೊತೆ ಕೆಲಸಕ್ಕೆ ಬರುತ್ತಿದ್ದಳು. ಬೆಳಕಿಗೆಂದು ಬೋರ್ಡಿನ ಕೋಣೆಯ ಬಾಗಿಲಲ್ಲೇ ಕೂರುತ್ತಿದ್ದಳು.

“ಉಡಿ ಒಡ್ಡು,” ಅಂದೆ.

“ಅಯ್ಯ, ಅಕ್ಕಿ ಇಲ್ಲ, ಕೊಬ್ರಿ ಇಲ್ಲ, ಕಲ್ಲು ತುಂಬ್ತೀರೇನ್ರಿ?”

ಉಳಿದ ಹೆಂಗಸರು ಬಿಡುತ್ತಾರೆಯೇ? “ಮೇಸ್ತ್ರಿ ಕರೆಂಟು ಎಲ್ಲಿ ಬಚ್ಚಿಟ್ಟ ನೋಡ್ರೇ!” ಅಂತ ಮೊರ ಬಡಿದು ನಕ್ಕರು. ಆಕೆ ಸೆರಗು ಮಡಿಸಿ ಮೂರನ್ನೂ ಉಡಿಗೆ ಹಾಕಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಒಂದೇ ಮಾತು ಹೇಳಿದೆ: “ನಾನ ಬಂದು ಕೈ ಒಡ್ಡೋ ತನಕ ಯಾರಿಗೂ ಕೊಡಬ್ಯಾಡ.”

ಅಲ್ಲಿಂದ ಅದೇ ರೂಢಿಯಾಯಿತು. ಮನೆಯಲ್ಲಿ ಇದ್ದದ್ದು ಒಂದು ಪಡಸಾಲೆ, ಒಂದು ಅಡಿಗೆಮನೆ. ಅವ್ವ, ಅಣ್ಣ, ಅತ್ತಿಗೆ ಎಲ್ಲರ ನಡುವೆ ನಮಗೆ ಮಾತಿಲ್ಲ. ಕಂಬ ಇಳಿದು ಬಂದು ಕೈ ಒಡ್ಡಿದರೆ ಆಕೆ ಒಂದೊಂದೇ ಎತ್ತಿ ಕೊಡುತ್ತಿದ್ದಳು. ಹಗಲು ಹೊತ್ತಿನಲ್ಲಿ ಆಕೆಯ ಬೆರಳು ನನಗೆ ಸಿಗುತ್ತಿದ್ದದ್ದು ಅಷ್ಟೇ. ನಿಜ ಹೇಳಬೇಕೆಂದರೆ, ಲೈನು ಕೆಟ್ಟರೆ ಸಾಹುಕಾರರಿಗೆ ಸಂಕಟ, ನನಗೆ ಒಳಗೊಳಗೇ ಖುಷಿ.

ಒಂದು ದಿನ ಸಂಡೂರು ಗುಡ್ಡದ ಕಡೆಯಿಂದ ಗಾಳಿ ಎದ್ದು ಅಂಗಳದ ತಂತಿಗಳು ಸಡಿಲಾದವು. ಫ್ಯೂಜು ಆಕೆಯ ಉಡಿಗೆ ಹಾಕಿ ಹೋದೆ. ಮೊದಲ ಕಂಬದ ಕೆಲಸ ಮುಗಿಸಿ ಇಳಿದೆ. ಗೋದಾಮಿನ ಹಿಂದಿನ ಕಂಬ ಹತ್ತಿದೆ. ನಾನು ಇಳಿದದ್ದನ್ನು ಎಂಜಿನ್ ಡ್ರೈವರ್ ನೋಡಿದ. ಮತ್ತೆ ಹತ್ತಿದ್ದನ್ನು ನೋಡಲಿಲ್ಲ. ಬಾಗಿಲಲ್ಲಿ ಭತ್ತದ ಗಾಡಿಗಳು ಸಾಲುಗಟ್ಟಿದ್ದವು. ಮುಂದಿನದು ಹೆಂಗಸರು ಆಮೇಲೆ ನನಗೆ ಹೇಳಿದ್ದು.

“ತಂಗೀ, ಫ್ಯೂಜು ತಾ. ನಿನ್ನ ಗಂಡ ಇಳದ, ನಾನ ಕಣ್ಣಾರೆ ನೋಡೀನಿ,” ಅಂದ ಡ್ರೈವರ್.

“ಇಳದಿದ್ರ ಬರ್ತಾರ ಬಿಡಣ್ಣ.”

“ಎಲ್ಲ್ಯೋ ಬೀಡಿ ಸೇದಾಕ ನಿಂತಿರ್ತಾನ. ಜಲ್ದಿ ತಾ, ಗಾಡಿಯೋರು ಬಾಯಿ ಮಾಡಾಕತ್ತಾರ.”

“ಅವರು ಬೀಡಿ ಸೇದಂಗಿಲ್ಲ.”

ಅಷ್ಟರಲ್ಲಿ ಸಾಹುಕಾರರೇ ಬಂದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಕೊಡೆ. “ಏನವ್ವಾ, ಗಿರಣಿ ನಂದೋ, ನಿಂದೋ?”

ಆಕೆ ಎದ್ದು ನಿಂತಳು. “ಗಿರಣಿ ನಿಮ್ದರೀ ಸಾವ್ಕಾರ್ರ. ಉಡಿ ನಂದು. ಉಡಿಗೆ ಹಾಕಿದ್ದನ್ನ ನಿಮ್ಮ ಮನ್ಯಾಗ ಹೆಣ್ಮಕ್ಕಳ ಕಡಿಂದ ವಾಪಸ್ ಇಸ್ಕೋತಾರೇನ್ರಿ?”

ನಮ್ಮ ಕಡೆ ಮುತ್ತೈದೆಯ ಉಡಿಗೆ ಒಮ್ಮೆ ಬಿದ್ದದ್ದನ್ನು ಕೊಟ್ಟವರೂ ಕೇಳುವುದಿಲ್ಲ. ಸಾಹುಕಾರರು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರಂತೆ. ಡ್ರೈವರನ ಮೇಲೆ ತಿರುಗಿದರಂತೆ: “ಏನ್ ನೋಡ್ತಿ ಲೇ? ಹೋಗು, ಆ ಮನುಷ್ಯಾ ಎಲ್ಲದಾನ ಹುಡುಕು!”

ಡ್ರೈವರ್ ಗೋದಾಮಿನ ಹಿಂದೆ ಬಂದಾಗ ನಾನು ಕಂಬಕ್ಕೆ ಕಾಲು ಸುತ್ತಿ, ಎರಡೂ ಕೈಯಲ್ಲಿ ಬರಿ ತಂತಿ ಹಿಡಿದು ಬಿಗಿಯುತ್ತಿದ್ದೆ. ಅವನು ಮೇಲೆ ನೋಡಿದ. ತಲೆಯ ರುಮಾಲು ತೆಗೆದು ಅಲ್ಲೇ ನೆಲದ ಮೇಲೆ ಕುಸಿದು ಕೂತ. ಇವನಿಗೇನಾಯಿತು ಅಂದುಕೊಂಡೆ.

ಇಳಿದು ಹೋಗಿ ಕೈ ಒಡ್ಡಿದೆ. ಆಕೆಯ ಎರಡೂ ಮುಷ್ಟಿ ಉಡಿಯ ಮೇಲೆ ಬಿಗಿದುಕೊಂಡಿದ್ದವು, ತಾನೇ ಬಿಚ್ಚಲಾರದಷ್ಟು. ಬೆರಳನ್ನು ಒಂದೊಂದಾಗಿ ನಾನೇ ಬಿಡಿಸಿದೆ.

“ಭಾಳ ಹೊತ್ತು ಮಾಡಿದ್ರಿ,” ಅಂದಳು.

“ಹಿಂದಿನ ಕಂಬಕ್ಕೂ ಹೋಗಿದ್ದೆ.”

“ಎಷ್ಟು ಕಂಬ ಅದಾವ, ಎಲ್ಲಾ ಹತ್ರಿ. ಇವು ಎಲ್ಲೂ ಹೋಗಂಗಿಲ್ಲ.”

ಆ ಸಂಜೆ ಸಾಹುಕಾರರ ಮನೆಯಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಕುಪ್ಪಸದ ಕಣ ಬಂತು. ಆಕೆಯ ಉಡಿಗೆ ಅಂತ. ಆಕೆ ಆ ಕಣವನ್ನು ಹೊಲಿಸಲೇ ಇಲ್ಲ, ಟ್ರಂಕಿನಲ್ಲಿ ಮಡಿಸಿಟ್ಟಳು.

ಆಕೆ ಹೋದಾಗ ಊರ ಹೆಂಗಸರು ಅದೇ ಕಣ ಇಟ್ಟು ಕೊನೆಯ ಉಡಿ ತುಂಬಿದರು. ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ಕೈ ಒಡ್ಡಬೇಕು ಅನ್ನಿಸಿತ್ತು.

ಈಗಲೂ ಕಂಬ ಹತ್ತುತ್ತೇನೆ. ಪಿಂಗಾಣಿ ತಣ್ಣಗಿನ ವಸ್ತು. ಆಕೆಯ ಉಡಿಯಿಂದ ಬಂದದ್ದು ಮಾತ್ರ ಬೆಚ್ಚಗಿರುತ್ತಿತ್ತು. ಈ ಕೀಲಿಯೂ ಬೆಚ್ಚಗಾಗುತ್ತದೆ, ನನ್ನದೇ ಕಿಸೆಯಲ್ಲಿ. ಇಳಿದು ಬಂದು ಯಾರ ಮುಂದೂ ಕೈ ಒಡ್ಡುವ ಹಾಗಿಲ್ಲ.