ಮುಳುಗಿದ ಜಮೀನಿನ ಪಟ್ಟಿಗೆ ಧರ್ಮೇಂದ್ರ ಹಾಕಿದ ಬೀಗ

ಹರದನಹಳ್ಳಿಯ ಧರ್ಮೇಂದ್ರ ಬುದ್ಧಿವಂತ. ಅದೇ ಅವನಿಗೆ ಮುಳುವಾಯ್ತು.

2004ರಲ್ಲಿ ಹೊಳೆನರಸೀಪುರದ ಸೈಬರ್ ಸೆಂಟರೊಂದರಲ್ಲಿ ಟೈಪಿಂಗ್ ಕೆಲಸಕ್ಕಿದ್ದ. ಗೊರೂರು ಅಣೆಕಟ್ಟಿನ ಹಿನ್ನೀರಲ್ಲಿ ಅಪ್ಪ ಬೈರಯ್ಯನ ಎರಡೆಕರೆ ಮುಳುಗಿತ್ತು. ಬದಲಿ ಜಮೀನು ಕಾಯ್ತಾ ಕಾಯ್ತಾ ಬೈರಯ್ಯ ಮಣ್ಣಾದ. ತಮ್ಮದೂ ಸೇರಿ ಅಂಥ ನೂರನಲವತ್ತು ಮನೆಗಳ ಹೆಸರು, ಸರ್ವೆ ನಂಬರು, ವಾರಸುದಾರರು ಎಲ್ಲ ಬರೆದುಕೊಂಡು ಧರ್ಮೇಂದ್ರ ವೆಬ್ ಪುಟ ಮಾಡಿದ. ಅದನ್ನೇ ಅಚ್ಚು ಹಾಕಿ, ಲಗತ್ತಿಸಿ, ಎಲ್ಲರೂ ಪುನರ್ವಸತಿ ಕಚೇರಿಗೆ ಅರ್ಜಿ ಕೊಟ್ಟರು.

ಆಮೇಲೆ ದಿಗಿಲು ಹತ್ತಿತು. ದಲ್ಲಾಳಿ ಚಂದ್ರಯ್ಯ ಸತ್ತವರಿಗೆ ಸುಳ್ಳು ವಾರಸುದಾರರನ್ನು ಹುಟ್ಟಿಸೋದರಲ್ಲಿ ನಿಸ್ಸೀಮ. ಪಟ್ಟಿ ಅವನ ಕೈಗೆ ಸಿಕ್ಕರೆ? ತಿಂಗಳು ಕೂತು ಪುಟದ ಕೋಡನ್ನೆಲ್ಲ ಗೂಢಲಿಪಿ ಮಾಡಿದ. ಕೋಡು ತೆರೆದು ನೋಡಿದರೆ ಬರೀ ಇರುವೆ ಸಾಲು. ಮೌಸಿನ ಬಲಗುಂಡಿ ಒತ್ತಿದರೆ ‘ನಕಲು ಮಾಡಬೇಡಿ’ ಅನ್ನೋದು.

“ಈಗ ಪಟ್ಟಿ ಯಾರ್ಗೂ ಕಾಣಾಕಿಲ್ವಾ?” ಅಂದಳು ಅವ್ವ ಮಾದಮ್ಮ.

“ಕಾಣ್ತದೆ ಕಣವ್ವ. ಅದರ ಒಳಗಿಂದು ಕಾಣಾಕಿಲ್ಲ.”

“ಅಂಗಡಿ ಮುಂದೆ ಬಾಳೆಗೊನೆ ನೇತಾಕಿ, ಇತ್ಲು ಬಾಗ್ಲಿಗೆ ಬೀಗ ಜಡ್ದಂಗಾಯ್ತು ಬುಡ್ಲಾ.”

“ನಿಂಗೆ ಕಂಪ್ಯೂಟರ್ ತಿಳಿಯಾಕಿಲ್ಲ, ಸುಮ್ಕಿರು.”

ಚಂದ್ರಯ್ಯನಿಗೂ ತಿಳೀತಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಎರಡು ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತು, ಕಂಡದ್ದನ್ನೆಲ್ಲ ಪೆನ್ನಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡ. ಕೋಡು ಗೀಡು ಅವನಿಗ್ಯಾಕೆ?

ವರ್ಷದೊಳಗೆ ಬೈರಯ್ಯನ ಬದಲಿ ಜಮೀನು ಯಾವನೋ ‘ತಮ್ಮನ ಮಗ’ನಿಗೆ ಮಂಜೂರಾಯ್ತು. ಬೈರಯ್ಯನಿಗೆ ತಮ್ಮನೇ ಇರಲಿಲ್ಲ. ಧರ್ಮೇಂದ್ರ ಅವ್ವನನ್ನು ಕರಕೊಂಡು ಕಚೇರಿಗೆ ಓಡಿದ. ಅವಳನ್ನು ಹೊರಗೆ ಕೂರಿಸಿ ಒಳಗೆ ಹೋಗಿ ಕಡತ ನೋಡಿದ. ಕಳ್ಳ ಅರ್ಜಿಯಲ್ಲಿ ಸರ್ವೆ ನಂಬರು 118. ನಿಜವಾದದ್ದು 181. ಟೈಪ್ ಮಾಡುವಾಗ ಅವನೇ ಮಾಡಿದ್ದ ತಪ್ಪು ಅದು.

“ಹಿಂಗಿರೋದು ನನ್ ಪಟ್ಟೀಲಿ ಮಾತ್ರ ಸಾ. ಕದ್ದವ್ರೆ ಅನ್ನೋಕೆ ಇದೇ ಸಾಕ್ಷಿ.”

ಗುಮಾಸ್ತ ಬಿಳಿ ಹಾಳೆ ಸರಿಸಿದ. “ಬರ್ಕೊಡಪ್ಪ, ನನ್ನ ಪಟ್ಟೀಲಿ ತಪ್ಪಿದೆ ಅಂತ.”

“ಒಂದೇ ಒಂದು ನಂಬರು ಸಾ...”

“ಒಂದು ತಪ್ಪಾದ್ಮೇಲೆ ಮಿಕ್ಕಿದ್ದು ಸರಿ ಅಂತ ಯಾವನ್ ನಂಬ್ತಾನೆ? ನೂರನಲವತ್ತು ಅರ್ಜೀನೂ ವಾಪಸ್ ಹೋಗ್ತವೆ. ಬರಿ, ಬರಿ.”

ಪೆನ್ನು ಹಿಡಿದ. ತನ್ನದು ಬಿಟ್ಟು ಮಿಕ್ಕ ನೂರಮೂವತ್ತೊಂಬತ್ತು ಮನೆ ಕಣ್ಮುಂದೆ ಬಂದವು. ಪೆನ್ನು ಇಟ್ಟು ಹೊರಗೆ ಬಂದ.

“ಏನಂದ್ರುಲಾ?” ಮಾದಮ್ಮ ಹೊಂಗೆ ನೆರಳಲ್ಲಿ ಕಾಲು ಚಾಚಿ ಕೂತಿದ್ದಳು.

“ಸಾಹೇಬ್ರು ಊಟಕ್ಕೋಗವ್ರಂತೆ.”

“ಬರ್ಲಿ ಬುಡು, ಕಾಯಾನ,” ಅಂದು ಸೆರಗು ಹಾಸಿ ಅವನಿಗೂ ಜಾಗ ಬಿಟ್ಟಳು.